ಗ್ರಂಥಾಲಯಕ್ಕೆ ಹೋದ ಗ್ರಂಥಿ

ಅಂಗಾಂಶ ಕಸಿಗೆ ಅನುಮತಿ ನೀಡುವ ಅಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿಯ ಕಸಿಗೆ ಅನುಮತಿ ಕೋರಿದ್ದ ಅರ್ಜಿಯನ್ನು ನಿಮ್ಮ ಕಚೇರಿ ಗ್ರಂಥಾಲಯ ಇಲಾಖೆಗೆ ಕಳುಹಿಸಿದೆ. ಹದಿನಾಲ್ಕು ವಾರಗಳ ನಂತರ ಅಲ್ಲಿಂದ ಉತ್ತರವೂ ಬಂದಿದೆ: ‘ತಮ್ಮ ಗ್ರಂಥ ದಾನದ ಆಸಕ್ತಿ ಶ್ಲಾಘನೀಯ. ಹರಿದ ಪ್ರತಿಗಳನ್ನು ಸ್ವೀಕರಿಸಲಾಗುವುದಿಲ್ಲ.’

ನಾನು ಬರೆದದ್ದು ಗ್ರಂಥಿ. ನಿಮ್ಮಲ್ಲಿ ಬೆರಳಚ್ಚು ಮಾಡಿದವರು ‘ಥಿ’ಯ ಒಂದು ಗುಡಿಸು ಬಿಟ್ಟು ಅದನ್ನು ಗ್ರಂಥ ಮಾಡಿದರು. ಮೂವತ್ತು ವರ್ಷ ಅಚ್ಚುಮನೆಯಲ್ಲಿ ಕರಡು ತಿದ್ದಿದವನು ನಾನು. ಕಣ್ತಪ್ಪಿಗೆ ಯಾರನ್ನೂ ಬೈಯುವುದಿಲ್ಲ. ಆದರೆ ಅದರ ಮೇಲೆ ಮುದ್ರೆ ಒತ್ತಿದ ಐದು ಮಂದಿಯಲ್ಲಿ ಒಬ್ಬರಿಗಾದರೂ, ಪುಸ್ತಕವನ್ನು ಹೆಂಗಸಿನ ತೋಳಿನೊಳಗೆ ಇಟ್ಟು ಹೊಲಿಯುವುದು ಹೇಗೆ ಎಂಬ ಅನುಮಾನ ಬರಬಾರದಿತ್ತೇ?

ಅವಳು ದರ್ಜಿ. ಕತ್ತಿನ ಶಸ್ತ್ರಚಿಕಿತ್ಸೆಯೊಂದರಲ್ಲಿ, ರಕ್ತದ ಕ್ಯಾಲ್ಸಿಯಂ ಕಾಯುವ ನಾಲ್ಕು ಪುಟ್ಟ ಗ್ರಂಥಿಗಳನ್ನೂ ಕಳೆದುಕೊಂಡಳು. ಅವುಗಳ ಹಾರ್ಮೋನು ಇಲ್ಲದೆ ಕೈ ಸೆಟೆದುಕೊಳ್ಳುತ್ತದೆ. ಹಿಡಿಗಟ್ಟಲೆ ಮಾತ್ರೆ ನುಂಗಿದರೂ ನಿಲ್ಲದು. ಹೋದ ವಾರ ಗಿರಾಕಿಯ ಎದುರೇ ಬೆರಳುಗಳು ಕತ್ತರಿಯ ಹಿಡಿಯೊಳಗೆ ಬಿಗಿದುಕೊಂಡವು. ‘ರೀ, ಬನ್ನಿ ಇಲ್ಲಿ, ಮೆಲ್ಲಗೆ ಬಿಡ್ಸಿ’ ಎಂದಳು. ಆಮೇಲೆ ಗಿರಾಕಿಯತ್ತ ತಿರುಗಿ, ‘ಈ ಕತ್ತರಿಗೆ ನನ್ನ ಕಂಡ್ರೆ ಭಾರೀ ಪ್ರೀತಿ ಕಣಮ್ಮಾ’ ಎಂದು ನಕ್ಕಳು. ಒಂದೊಂದೇ ಬೆರಳು ಬಿಡಿಸುತ್ತಿದ್ದ ನನಗೆ ನಗು ಬರಲಿಲ್ಲ, ಅಳು ಬಂತು.

ಕಿಡ್ನಿ ಕೆಟ್ಟ ಮೇಷ್ಟ್ರೊಬ್ಬರಿಗೆ ಅದೇ ಗ್ರಂಥಿ ಅತಿಯಾಗಿ ಬೆಳೆದು, ತೆಗೆಯಲೇಬೇಕಾಗಿತ್ತು. ‘ಹೇಗೂ ಎಸೆಯೋದು ತಾನೇ, ನಿಮ್ಮನೆಯವರಿಗೇ ಇರ್ಲಿ ತಗೊಳ್ಳಿ’ ಎಂದು ಸಹಿ ಹಾಕಿದ್ದರು. ಅದರ ಚೂರುಗಳನ್ನು ಇವಳ ತೋಳಿಗೆ ಕಸಿ ಮಾಡಲು ಡಾಕ್ಟರು ಸಿದ್ಧರಿದ್ದರು; ಹಿಡಿದೇ ಹಿಡಿಯುತ್ತದೆ ಎಂದೇನೂ ಹೇಳಿರಲಿಲ್ಲ. ಬೇಕಿದ್ದದ್ದು ನಿಮ್ಮ ಅನುಮತಿ. ಮೇಷ್ಟ್ರಿಗೆ ಕಾಯುವಷ್ಟು ಆರೋಗ್ಯ ಇರಲಿಲ್ಲ. ಶಸ್ತ್ರಚಿಕಿತ್ಸೆ ನಡೆಯಿತು, ಗ್ರಂಥಿ ಆಸ್ಪತ್ರೆಯ ಕಸದ ಚೀಲ ಸೇರಿತು. ನೀವು ಬಿಟ್ಟ ಗುಡಿಸನ್ನು ಆಸ್ಪತ್ರೆಯವರು ಗುಡಿಸಿಯೇ ಪೂರೈಸಿದರು. ಯಾವ ತಪ್ಪೂ ಮಾಡದ ಮೇಷ್ಟ್ರು ಫೋನು ಮಾಡಿ ಕ್ಷಮೆ ಕೇಳಿದರು.

ನಿಮ್ಮ ಗುಮಾಸ್ತರು, ‘ಹಳೇ ಅರ್ಜಿ ವಿಲೇವಾರಿ ಆಯ್ತು ಸಾರ್, ಹೊಸದು ಕೊಡಿ’ ಎಂದರು. ಕೊಟ್ಟಿದ್ದೇನೆ. ಇನ್ನೊಬ್ಬ ರೋಗಿ ಒಪ್ಪಿದ್ದಾರೆ; ಅವರ ಶಸ್ತ್ರಚಿಕಿತ್ಸೆ ಈ ಇಪ್ಪತ್ತಾರಕ್ಕೆ. ಅಷ್ಟರೊಳಗೆ ಅನುಮತಿ ಕೊಡಿ. ಕೊಡಲಾಗದಿದ್ದರೆ ಇಲ್ಲವೆಂದಾದರೂ ಬರೆದು ಕೊಡಿ. ನಿಮಗೆ ಬರೆಯುವುದಲ್ಲದೆ ನನ್ನಿಂದ ಬೇರೇನೂ ಆಗುವುದಿಲ್ಲ. ನಿಮ್ಮ ಕಚೇರಿಯಿಂದ ಮನೆಗೆ ಬಂದಾಗಲೆಲ್ಲ ಅವಳು ‘ಏನಂದ್ರು?’ ಎಂದು ಕೇಳುತ್ತಿದ್ದಳು. ನಾನು ‘ನಾಳೆಯಂತೆ’ ಎನ್ನುತ್ತಿದ್ದೆ. ಈಚೆಗೆ ಅವಳು ಕೇಳುವುದನ್ನೇ ಬಿಟ್ಟಿದ್ದಾಳೆ.

ಇಂತಿ,
ಮನೆಗೆ ಸುತ್ತುದಾರಿ ಹಿಡಿದು ಹೋಗುವ ಒಬ್ಬ ಗಂಡ