ಕಿಟಕಿಯಿಂದ ಎಷ್ಟು ದೂರ

ನೆಲಮನೆ, ಹಟ್ಟಿಯ ಹಳೆಯ ಗಣಿ, ಮೂರನೆಯ ಅಂತಸ್ತು
೩೦ ಫೆಬ್ರುವರಿ ೨೨೩೮

ಪ್ರೀತಿಯ ವಾರಿಜಾಬಾಯಿಯವರಿಗೆ,

ಮೇಲಿನ ತಾರೀಖು ಕಂಡು ನೀವು ನಗಬಹುದು. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ ಇರಲಿಲ್ಲವೆಂದು ಓದಿದ್ದೇನೆ. ನಮಗೆ ಒಂದು ದಿನವೆಂದರೆ ನೀವು ಬಿಟ್ಟುಹೋದ ಗಿಡದ ಎಲೆ ಒಮ್ಮೆ ತೆರೆದು ಮುಚ್ಚುವಷ್ಟು ಹೊತ್ತು. ಹಾಗೆ ಎಣಿಸುತ್ತ ಹೋದರೆ ಕೆಲವು ತಿಂಗಳು ಉದ್ದವಾಗಿಬಿಡುತ್ತವೆ. ಇವತ್ತು ಮೂವತ್ತೇ ಹೌದೋ ಅಲ್ಲವೋ ನನಗೆ ಖಾತ್ರಿಯಿಲ್ಲ. ನನ್ನ ಮಾತಿನಲ್ಲಿ ವಿಚಿತ್ರವೆನಿಸುವ ಪದಗಳು ಬಂದರೆ ಕ್ಷಮಿಸಿ. ನಿಮ್ಮ ಮಾತಿನಲ್ಲೂ ನಮಗೆ ಅರ್ಥವಾಗದ್ದು ಒಂದಿತ್ತು. ಈ ಪತ್ರ ಅದರ ಬಗ್ಗೆಯೇ.

ನಿಮ್ಮ ಚೀಟಿ ನನ್ನ ಬಳಿ ಇದೆ. ಇನ್ನೂರು ವರ್ಷಗಳ ಹಿಂದೆ ನೀವು ಊರಿಗೆ ಹೊರಟಾಗ ಪಕ್ಕದ ಮನೆಯವರಿಗೆ ಮರಾಂಟಾ ಎಂಬ ಎಲೆಗಿಡದ ಒಂದು ಕುಂಡವನ್ನೂ ಒಂದು ಚೀಟಿಯನ್ನೂ ಕೊಟ್ಟಿರಿ. ಆ ಪಕ್ಕದ ಮನೆಯವರು ನನ್ನ ಹಿರಿಯರು. ಅವರ ಮಕ್ಕಳ ಮಕ್ಕಳು ಮೇಲಿನ ಬಿಸಿ ತಾಳದೆ ಗಣಿಯೊಳಗೆ ಇಳಿದಾಗ ಗಿಡದ ಒಂದು ತುಂಡನ್ನೂ ಚೀಟಿಯನ್ನೂ ಜೊತೆಗೆ ತಂದರು. ಅಂದಿನಿಂದ ಅದನ್ನು ನೋಡಿಕೊಳ್ಳುವುದು ನಮ್ಮ ಮನೆಯ ಹೆಣ್ಣುಮಕ್ಕಳ ಕೆಲಸ. ನನ್ನ ಅವ್ವನ ನಂತರ ಈಗ ನಾನು. ಮಕ್ಕಳಿಗೆ ಪದ್ಯ ಹೇಳಿಕೊಡುವುದು ನನ್ನ ಇನ್ನೊಂದು ಕೆಲಸ. ಒಂದು ಸಾಲನ್ನು ಹತ್ತು ಸಲ ಓದುವ ಚಟ ಅಲ್ಲಿಂದ ಬಂದದ್ದು. ನಿಮ್ಮ ಚೀಟಿಯನ್ನು ಎಷ್ಟು ಸಲ ಓದಿದ್ದೇನೋ ತಿಳಿಯದು.

ಅದರಲ್ಲಿ ಬರೆದಿರುವುದು ಇಷ್ಟು. ನೇರ ಬಿಸಿಲು ತಾಗಿಸಬೇಡಿ, ಎಲೆ ಸುಡುತ್ತದೆ. ಕಿಟಕಿಯಿಂದ ದೂರವಿಡಿ. ನಲ್ಲಿಯ ನೀರನ್ನು ರಾತ್ರಿ ಪಾತ್ರೆಯಲ್ಲಿಟ್ಟು ಬೆಳಿಗ್ಗೆ ಹಾಕಿ. ಮಣ್ಣು ಕೆಸರಾಗಬಾರದು, ಒಣಗಲೂಬಾರದು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎಲೆ ಒರೆಸಿ. ನರಗಳು ಇಳಕಲ್ ಸೀರೆಯ ಅಂಚಿನಷ್ಟು ಕೆಂಪಗಿದ್ದರೆ ಗಿಡ ಚೆನ್ನಾಗಿದೆ ಎಂದು ತಿಳಿಯಿರಿ. ಸಂಜೆ ಎಲೆಗಳೆಲ್ಲ ಕೈ ಮುಗಿದ ಹಾಗೆ ಮೇಲೆದ್ದು ನಿಲ್ಲುತ್ತವೆ, ಗಾಬರಿ ಬೇಡ. ಹದಿನೈದು ದಿನ ಬಿಟ್ಟು ಬಂದು ತೆಗೆದುಕೊಳ್ಳುತ್ತೇನೆ.

ನೀವು ಬರಲಿಲ್ಲ. ಯಾಕೆಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ನೆಲಮನೆಯಲ್ಲಿ ಮುನ್ನೂರ ಹನ್ನೊಂದು ಜನ ಇದ್ದೇವೆ. ಗೋಡೆಗಳಲ್ಲಿ ಸದಾ ತೇವ, ನಿಮ್ಮ ಗಿಡಕ್ಕೆ ಅದು ಹಿತ. ಆಚೆ ತುದಿಯಲ್ಲಿ ಹಳೆಯ ಲಿಫ್ಟು ಓಡಾಡುತ್ತಿದ್ದ ಕೊಳವೆಯೊಂದಿದೆ. ಅದರ ಮೂಲಕ ಮೇಲಿನ ಹಗಲು ಸ್ವಲ್ಪ ಕೆಳಗಿಳಿಯುತ್ತದೆ. ಅದಕ್ಕೆ ಬೆಳಕುಬಾವಿ ಎನ್ನುತ್ತೇವೆ. ಅಲ್ಲಿ ವಿಪರೀತ ಸೆಕೆ, ಯಾರೂ ಸುಮ್ಮನೆ ಹೋಗುವುದಿಲ್ಲ. ಮೊದಲು ಓಣಿಗೊಂದು ಗಡಿಯಾರ ಇತ್ತಂತೆ, ಒಂದರ ಹೊತ್ತು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲವಂತೆ. ಶಾಲೆಯ ಗಂಟೆ ಯಾವಾಗ ಹೊಡೆಯಬೇಕೆಂಬ ಜಗಳದಲ್ಲಿ ಎರಡು ಓಣಿಯವರು ವರ್ಷವಿಡೀ ಮುಖ ನೋಡಲಿಲ್ಲ. ಕೊನೆಗೆ ಯಾರ ಪಕ್ಷಕ್ಕೂ ಸೇರದ್ದು ನಿಮ್ಮ ಗಿಡವೊಂದೇ ಎಂದು ಎಲ್ಲರೂ ಒಪ್ಪಿದರು. ಎಲೆ ಮುಚ್ಚಿದರೆ ದೀಪಗಾರ ಓಣಿಯ ದೀಪಗಳನ್ನು ಸಣ್ಣ ಮಾಡುತ್ತಾನೆ. ತೆರೆದರೆ ದೊಡ್ಡದು ಮಾಡುತ್ತಾನೆ, ಆಗ ನಮಗೆ ಬೆಳಗು.

ಈ ಸಲ ಎಲೆ ಮುಚ್ಚಿದ್ದು ತೆರೆಯಲೇ ಇಲ್ಲ. ನೀರೆತ್ತುವ ಪಂಪು ದಿನಕ್ಕೊಮ್ಮೆ ತಾನಾಗಿ ಓಡುತ್ತದೆ. ಅದು ಒಂಬತ್ತು ಸಲ ಓಡಿ ನಿಂತಿತು, ಬೆಳಗಾಗಲಿಲ್ಲ. ಮಕ್ಕಳಿಗೆ ಶಾಲೆಯಿಲ್ಲ. ಜೋಳದ ಹಿಟ್ಟು ಬೀಸುವ ಹುಲಿಗೆಮ್ಮ ಮೊರ ಹಿಡಿದು ನನ್ನ ಬಾಗಿಲಿಗೆ ಬಂದಳು.

“ನಿನ್ನ ಗಿಡ ನಿದ್ದಿ ಮಾಡತೈತಂತ ಊರೆಲ್ಲ ಮಲಗಬೇಕೇನವಾ ಸೂಗಮ್ಮ? ನನ್ನ ಬೆನ್ನು ಹಾಸಿಗಿಗೆ ಅಂಟಿಕೊಂಡೈತಿ. ಗಂಡಂತೂ ಊಟಕ್ಕ ಮಾತ್ರ ಏಳ್ತಾನ.”

ದೀಪಗಾರ ಹೊನ್ನೂರಸಾಬನ ಬಳಿ ಹೋಗಿ ಕೇಳಿಕೊಂಡೆ. ಅವನು ನಿಯಮದ ಮನುಷ್ಯ.

“ಎಲಿ ತೆರೀಲಿ ಟೀಚರ್, ಆ ಗಳಿಗೀಗೇ ದೀಪ ದೊಡ್ಡದು ಮಾಡ್ತೀನಿ.”

“ಬೆಳಕು ಸಾಲದ್ದಕ್ಕ ಎಲಿ ತೆರೀವಲ್ದೇನೋ ಮಾರಾಯ. ನೀ ಮೊದಲು ದೊಡ್ಡದು ಮಾಡು, ಅದು ತೆರೀತದ.”

“ಹಂಗ ಮಾಡಿದ್ರ ಬೆಳಗು ನಾ ಮಾಡಿದಂಗ ಆತಲ್ರೀ. ನಾಳಿ ಮಂದಿ ನನ್ನ ಮ್ಯಾಲೆ ಬೀಳ್ತಾರ.”

“ಪಂಪು ಒಂಬತ್ತು ಸಲ ಓಡೇತಿ.”

“ಪಂಪಿಗೇನ್ ಗೊತ್ತೈತ್ರಿ ಬೆಳಗು?”

ಗಿಡ ದೀಪವನ್ನು ಕಾಯುತ್ತಿತ್ತು, ದೀಪ ಗಿಡವನ್ನು ಕಾಯುತ್ತಿತ್ತು. ನಡುವೆ ಕುಳಿತ ನಾನು ಯಾವುದನ್ನು ಕಾಯುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಮನೆಗೆ ಬಂದು ನೋಡಿದರೆ ನೀರಿನ ಪಾತ್ರೆ ಇಟ್ಟಲ್ಲೇ ಇತ್ತು. ರಾತ್ರಿ ಇಟ್ಟ ನೀರನ್ನು ಬೆಳಿಗ್ಗೆ ಹಾಕಬೇಕಲ್ಲವೆ? ಬೆಳಗೇ ಬಂದಿರಲಿಲ್ಲವಾದ್ದರಿಂದ ನಾನು ಹಾಕಿರಲಿಲ್ಲ. ಒಂಬತ್ತು ದಿನ ಹಾಗೆ ಕಾದಿದ್ದೇನೆ, ವಾರಿಜಾಬಾಯಿ. ಓದು ಬಲ್ಲ ಹೆಂಗಸು ಇಷ್ಟು ದಡ್ಡಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಕುಂಡದ ಮಣ್ಣು ಅಂಚು ಬಿಟ್ಟು ಒಳಕ್ಕೆ ಸರಿದಿತ್ತು. ಎಲೆಯ ತುದಿಗಳು ಕಂದಾಗಿದ್ದವು. ಗಿಡ ಸಾಯುತ್ತಿತ್ತು. ನಮ್ಮಲ್ಲಿ ಅದರ ಇನ್ನೊಂದು ತುಂಡಿಲ್ಲ.

ಆಗಲೇ ನೀರು ಹಾಕಿದೆ. ಹಾಕುತ್ತ ಪಕ್ಕದ ಬಟ್ಟೆಯ ಚೂರಿನ ಮೇಲೆ ಕಣ್ಣು ಬಿತ್ತು. ಇಳಕಲ್ ಸೀರೆಯನ್ನು ನಾವು ಕಂಡವರಲ್ಲ. ಹಿರಿಯರು ತಂದ ಒಂದು ಅಂಚಿನ ಚೂರನ್ನು ಕುಂಡದ ಪಕ್ಕ ಗೋಡೆಗೆ ಮೊಳೆಯಿಂದ ಹೊಡೆದಿಟ್ಟು, ತಿಂಗಳಿಗೊಮ್ಮೆ ಎಲೆಯ ನರವನ್ನು ಅದರ ಪಕ್ಕ ಹಿಡಿದು ನೋಡುತ್ತೇವೆ. ಅವ್ವ ನೋಡಿ ‘ಸರಿಯಾಗೈತಿ’ ಎನ್ನುತ್ತಿದ್ದಳು, ನಾನೂ ಹಾಗೇ ಎನ್ನುತ್ತ ಬಂದೆ. ಅಂದು ಚೂರನ್ನು ಮೊಳೆಯಿಂದ ಬಿಡಿಸಿ ತಿರುಗಿಸಿದೆ. ಗೋಡೆಗೆ ಒತ್ತಿಕೊಂಡಿದ್ದ ಅದರ ಬೆನ್ನು ಕೆಂಪಗಿತ್ತು, ನಾನು ಎಂದೂ ಕಾಣದಂಥ ಕೆಂಪು. ಮುಂಭಾಗ ಒಣ ಹುಲ್ಲಿನ ಬಣ್ಣಕ್ಕೆ ಬಂದಿತ್ತು. ಎಲೆಯೂ ಬಟ್ಟೆಯೂ ಜೊತೆಜೊತೆಗೇ ಮಾಸಿದ್ದವು, ನಾವು ಒಂದನ್ನು ನೋಡಿ ಇನ್ನೊಂದು ಚೆನ್ನಾಗಿದೆ ಎಂದುಕೊಂಡಿದ್ದೆವು.

ಮತ್ತೆ ಚೀಟಿ ತೆಗೆದೆ. ಕಿಟಕಿಯಿಂದ ದೂರವಿಡಿ. ನಮ್ಮ ಹಿರಿಯರು ಈ ಮಾತನ್ನು ಭಕ್ತಿಯಿಂದ ಪಾಲಿಸಿದರು. ಇಲ್ಲಿ ಕಿಟಕಿಯೆನ್ನಬಹುದಾದದ್ದು ಬೆಳಕುಬಾವಿಯೊಂದೇ. ಅದಕ್ಕೆ ಬೆನ್ನು ಹಾಕಿ, ಸುರಂಗದಲ್ಲಿ ಇನ್ನು ಮುಂದೆ ಹೋಗಲು ಜಾಗವಿಲ್ಲವೆಂಬಲ್ಲಿಗೆ ನಡೆದು, ಈಗ ನಮ್ಮ ಮನೆಯಿರುವ ಕಟ್ಟಕಡೆಯ ಗೋಡೆಗೆ ಕುಂಡವನ್ನು ತಾಗಿಸಿಟ್ಟರು. ಒಂದು ಸಾವಿರದ ಇನ್ನೂರು ಹೆಜ್ಜೆ. ಬೆಳಕುಬಾವಿಯತ್ತ ಯಾರಾದರೂ ಅದನ್ನು ಒಂದು ಗೇಣು ಸರಿಸಿದರೂ ಅವ್ವ ಗದರುತ್ತಿದ್ದಳು. ನೀವು ಹೇಳಿದ ದೂರ ಯಾವುದು? ಒಂದು ಕೋಣೆಯೊಳಗಿನ ದೂರವೆ? ಕಿಟಕಿ ಇದ್ದೇ ಇರುತ್ತದೆ, ಅದನ್ನು ಯಾರಿಗೂ ಹೇಳಬೇಕಿಲ್ಲ ಎಂದುಕೊಂಡು ಬರೆದಿರೆ? ಅಥವಾ ನಾನೇ ಈಗ ನನಗೆ ಬೇಕಾದ ಅರ್ಥ ಹಚ್ಚುತ್ತಿದ್ದೇನೆಯೆ? ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ.

ಕುಂಡವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ದಾರಿಯಲ್ಲಿ ಹುಲಿಗೆಮ್ಮ ನನ್ನನ್ನು ಕಂಡು ಮೊರ ಹಿಡಿದೇ ಹಿಂದೆ ಬಂದಳು. ಓಣಿಯಲ್ಲಿ ನಮಗೆ ಇರುಳು, ಬಾವಿಯ ಬುಡದಲ್ಲಿ ನಡುಹಗಲು. ಕಲ್ಲಿನ ಮೇಲೆ ಬಟ್ಟಲಿನಷ್ಟು ಬಿಸಿಲು ಬಿದ್ದಿತ್ತು. ನೇರ ಬಿಸಿಲು ಬೇಡವೆಂದಿದ್ದೀರಿ. ಅದರಿಂದ ಕೈಯಳತೆಯಲ್ಲಿ ಎರಡು ಮೊಳ ಹಿಂದಕ್ಕೆ, ಗೋಡೆಯ ಬೆಳಕು ಮಾತ್ರ ತಾಗುವಲ್ಲಿ ಇಟ್ಟೆ. ಹುಲಿಗೆಮ್ಮ ಮೊರದಿಂದ ಗಿಡಕ್ಕೆ ಗಾಳಿ ಹಾಕಿದಳು.

“ನಮಗಿಂತ ಇದಕ್ಕ ಸೆಕಿ ಜಾಸ್ತಿ ಆಗಿರಬೇಕು, ಪಾಪ. ಎಷ್ಟು ದಿನದಿಂದ ಕೈ ಮುಗಕೊಂಡು ಕುಂತೈತಿ, ಯಾರೂ ಏನ್ ಬೇಕವಾ ಅಂತ ಕೇಳಿಲ್ಲ.”

ಪಂಪು ಮತ್ತೆ ನಾಲ್ಕು ಸಲ ಓಡಿತು. ಪ್ರತಿಸಲ ನಾವಿಬ್ಬರೂ ಹೋಗಿ ನೋಡಿದೆವು. ಎರಡು ಎಲೆ ಉದುರಿದವು. ಇಂದು ಹೋದಾಗ ಉಳಿದ ಐದರಲ್ಲಿ ಒಂದು ಎಲೆ ಅರ್ಧಕ್ಕೆ ಬಾಗಿ ನಿಂತಿತ್ತು. ತೆರೆಯುತ್ತಿದೆಯೋ, ಶಕ್ತಿ ಸಾಲದೆ ಜೋತುಬೀಳುತ್ತಿದೆಯೋ, ಎಷ್ಟು ನೋಡಿದರೂ ತಿಳಿಯಲಿಲ್ಲ. ಹೊನ್ನೂರಸಾಬನನ್ನು ಕರೆಸಿದೆವು. ಅವನು ಮಂಡಿಯೂರಿ ಬಹಳ ಹೊತ್ತು ನೋಡಿ, ಎದ್ದುಹೋಗಿ, ಓಣಿಯ ದೀಪಗಳನ್ನು ಅರ್ಧ ದೊಡ್ಡದು ಮಾಡಿದ. ಆ ಅರ್ಧ ಬೆಳಕಿನಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕೆಲವರು ಎದ್ದಿದ್ದಾರೆ, ಕೆಲವರು ಮಲಗಿದ್ದಾರೆ. ಹುಲಿಗೆಮ್ಮ ಬೀಸುತ್ತಿದ್ದಾಳೆ.

ನನ್ನದೊಂದು ಬೇಡಿಕೆ. ಚೀಟಿಯನ್ನು ಪಕ್ಕದ ಮನೆಗೆ ಕೊಡುವ ಮೊದಲು ಕಿಟಕಿಯಿಂದ ಎಷ್ಟು ದೂರವೆಂದು ಒಂದು ಸಾಲು ಸೇರಿಸಿ. ಮೊಳದಲ್ಲೇ ಬರೆಯಿರಿ, ನಿಮ್ಮ ಕೈ ನನ್ನ ಕೈಗಿಂತ ಬಹಳ ಬೇರೆ ಇರಲಾರದು. ಹಾಗೆ ಬರೆದರೆ ಈ ಪತ್ರವೇ ಹುಟ್ಟುವುದಿಲ್ಲವಲ್ಲ ಎಂದೂ ಅನ್ನಿಸುತ್ತದೆ. ಆದರೂ ಬರೆಯಿರಿ.

ಹದಿನೈದು ದಿನ ಬಿಟ್ಟು ಬರುತ್ತೇನೆಂದಿದ್ದಿರಿ. ಬಂದರೆ ಹಳೆಯ ಜಾಗದಲ್ಲಿ ಹುಡುಕಬೇಡಿ. ನಿಮ್ಮ ಗಿಡ ಬೆಳಕುಬಾವಿಯ ಬಿಸಿಲಿನಿಂದ ಎರಡು ಮೊಳ ಈಚೆಗೆ ಇರುತ್ತದೆ. ನೀರು ಹಾಕಿದ್ದೇನೆ.

ನಿಮ್ಮ ಪಕ್ಕದ ಮನೆಯ
ಸೂಗಮ್ಮ