ತೊಟ್ಟಿಲು ನಿಧಾನವಾಗಲಿ

ತೇಲೂರು, ಕ್ರಿ.ಶ. ೨೪೧೭, ಏಳನೆಯ ಸುತ್ತಿನ ಮೂರನೆಯ ನಿದ್ದೆ.

ನಾಲ್ಕು ಶತಮಾನ ಹಿಂದಿರುವ ತಾಯಂದಿರಿಗೆ ಅಂಬಕ್ಕನ ನಮಸ್ಕಾರ. ನಮ್ಮಲ್ಲಿ ಸೂರ್ಯ ಹುಟ್ಟಿ ಮುಳುಗುವ ಗೊಡವೆಯಿಲ್ಲ, ಹಾಗಾಗಿ ದಿನವನ್ನು ನಿದ್ದೆಯಿಂದಲೇ ಎಣಿಸುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ತೇಲೂರು ಗುರುಗ್ರಹವನ್ನು ಸುತ್ತುವ ಊರು. ಊರೂ ನಾವೂ ಒಟ್ಟಿಗೇ ಬೀಳುತ್ತಾ ಸುತ್ತುವುದರಿಂದ ಇಲ್ಲಿ ಯಾವುದೂ ಯಾವುದರ ಮೇಲೂ ಕೂರುವುದಿಲ್ಲ. ತಕ್ಕಡಿಗೆ ಅಕ್ಕಿಮೂಟೆ ಕಟ್ಟಿದರೂ ಸೊನ್ನೆ, ಆನೆ ಕಟ್ಟಿದರೂ ಸೊನ್ನೆ. ಹಾಗೆಂದು ಮೂಟೆ ಹತ್ತಿಯಾಯಿತೆಂದು ನಂಬಿ, ತೇಲಿ ಬರುವ ಮೂಟೆಗೂ ಗೋಡೆಗೂ ನಡುವೆ ಕೈಯಿಟ್ಟವರ ಮೂಳೆ ಪುಡಿಯಾಗಿದೆ. ತೂಕವೆಂದರೆ ನೆಲ ನಮ್ಮನ್ನು ಎಳೆದು ತನ್ನ ಮೇಲೆ ಕೂರಿಸುವ ಬಲ. ನೆಲ ತಪ್ಪಿದರೆ ಅದೂ ತಪ್ಪುತ್ತದೆ. ದ್ರವ್ಯರಾಶಿ ನಮ್ಮೊಳಗಿನ ಸರಕು, ಎಲ್ಲಿಗೆ ಹೋದರೂ ಜೊತೆಗೇ ಬರುತ್ತದೆ. ನೀವು ಇದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆಯುತ್ತೀರಿ. ನಮಗೆ ಮರೆಯುವ ಸುಖವಿಲ್ಲ.

ಅದಕ್ಕೇ ನಮ್ಮ ಮನೆಗಳಲ್ಲಿ ಎಳೆತೊಟ್ಟಿಲು ಇರುತ್ತದೆ. ಎರಡು ಸ್ಪ್ರಿಂಗುಗಳ ನಡುವೆ ಬಿಗಿದ ತೊಟ್ಟಿಲು, ಎಳೆದು ಬಿಟ್ಟರೆ ಹಿಂದೆ ಮುಂದೆ ಓಲಾಡುತ್ತದೆ. ಮಗುವಿನಲ್ಲಿ ಸರಕು ಹೆಚ್ಚಿದಷ್ಟೂ ಓಲಾಟ ನಿಧಾನ; ಮಗು ಬೆಳೆಯಿತೇ ಎಂದು ನಾವು ತಿಳಿಯುವುದು ಅದರಿಂದಲೇ. ಹಿರಿಯರು ಬಾಣಂತಿಯನ್ನು ಹರಸುವುದೂ ಹಾಗೆಯೇ, ತೊಟ್ಟಿಲು ನಿಧಾನವಾಗಲಿ ಎಂದು.

ನನ್ನ ತಮ್ಮನ ಹೆಂಡತಿ ನಿಂಬೆವ್ವ ಭೂಮಿಯವಳು, ಗದಗಿನ ಕಡೆಯವಳು. ಬಂದ ವರ್ಷವೇ ಹೆತ್ತಳು. ಆ ಹಾರೈಕೆಗೆ ಮಗು ಅಳದೆ ಮಲಗಲಿ ಎಂದು ಅರ್ಥವಿರಬೇಕೆಂದುಕೊಂಡಿದ್ದಳು. ಬಿಡಿಸಿ ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಮಗು ಗುರುಲಿಂಗನಿಗೆ ವಾಂತಿಭೇದಿ ಹಿಡಿಯಿತು. ಅದು ನಿಂತಿತೆಂದು ನಾವೆಲ್ಲ ಉಸಿರು ಬಿಡುವಷ್ಟರಲ್ಲಿ ಅವಳು ತೊಟ್ಟಿಲು ಎಳೆದು ಬಿಟ್ಟು ನಕ್ಕಳು.

"ನೋಡ್ರೀ ಅಕ್ಕಾ, ನನ್ನ ಕೂಸಿನ ತೊಟ್ಲಾ ಹೆಂಗ ಚುರುಕ ಆಡಾಕತ್ತೈತಿ! ಮೈಯಾಗ ಕಸುವು ಬಂತ್ರೀ."

ಮನೆಯಲ್ಲಿ ಬೇರೆ ಯಾರೂ ನಗಲಿಲ್ಲ. ನಮ್ಮಮ್ಮ ಮುಖ ತಿರುಗಿಸಿಕೊಂಡಳು. ಹೇಳಬೇಕಾದವಳು ನಾನೇ ಆದೆ: ಅದು ಕಸುವಲ್ಲ, ಮಗು ಕರಗುತ್ತಿದೆ. ಅವಳು ಮಗುವನ್ನು ತೊಟ್ಟಿಲಿನಿಂದ ಬಿಡಿಸಿ ಎದೆಗೆ ಒತ್ತಿಕೊಂಡಳು. "ಎತ್ತಿಕೊಂಡಾಗ ನನಗ ಗೊತ್ತಾಗಬೇಕಿತ್ತಲ್ರೀ," ಎಂದು ಅತ್ತಳು. ಇಲ್ಲಿ ತಾಯಿಯ ತೋಳಿಗೂ ಅದು ತಿಳಿಯದು ಎಂದು ಯಾವ ಬಾಯಿಂದ ಹೇಳಲಿ?

ವೈದ್ಯರು ಕೊಟ್ಟ ದ್ರವವನ್ನು ಹನಿಹನಿಯಾಗಿ ಕುಡಿಸಿದೆವು. ನಿಂಬೆವ್ವ ತೊಟ್ಟಿಲಿನ ಕಡೆ ತಿರುಗಿಯೂ ನೋಡಲಿಲ್ಲ. ಎಳೆದು ಬಿಡುವ ಕೆಲಸ ನನ್ನ ಪಾಲಿಗೆ ಬಂತು. ಓಲಾಟ ಇನ್ನೂ ಚುರುಕಾಯಿತು. ನನಗೆ ಊಟ ಸೇರುತ್ತಿರಲಿಲ್ಲ. ಒಂದು ನಿದ್ದೆ ಕಳೆದು ನೋಡಿದರೆ ತುಸು ನಿಧಾನ. ನಂಬಿಕೆ ಬಾರದೆ ಅಮ್ಮನನ್ನು ಕರೆದು ಮತ್ತೆ ಎಳೆಸಿದೆ.

ತಿಂಗಳುಗಳ ಮೇಲೆ ಗುರುಲಿಂಗ ಗೋಡೆಗೆ ಕಾಲು ಒದ್ದು, ಹಾರಿಬಂದು ತನ್ನ ತಾಯಿಯ ಎದೆಗೆ ಬಡಿದ. ಇಬ್ಬರೂ ಹಿಂದಿನ ಗೋಡೆಗೆ ಹೋಗಿ ಅಪ್ಪಳಿಸಿದರು. "ಅಯ್ಯ ನಮ್ಮವ್ವಾ, ಎಷ್ಟು ಭಾರ ಆಗ್ಯಾನ್ರೀ ಇವಾ!" ಎಂದು ನಿಂಬೆವ್ವ ನಗುತ್ತ ಅಳುತ್ತ ಕೂಗಿದಳು. ಲೆಕ್ಕದ ಪ್ರಕಾರ ಆ ಮಾತು ತಪ್ಪು. ನಾವು ಯಾರೂ ತಿದ್ದಲಿಲ್ಲ.

ಇಲ್ಲಿ ಬೆಳೆದ ಮೂಳೆ ನೆಲದ ಎಳೆತ ತಾಳದು. ಗುರುಲಿಂಗ ಭೂಮಿಗೆ ಬರಲಾರ, ನಿಂಬೆವ್ವ ಅವನನ್ನು ಸೊಂಟದ ಮೇಲೆ ಹೊರುವುದು ಎಂದಿಗೂ ಆಗದು. ಅದಕ್ಕಾಗಿ ಒಂದು ಬೇಡಿಕೆ. ನಿಮ್ಮ ಮಗು ಎತ್ತಿಕೋ ಎಂದು ಕೈ ಚಾಚಿದಾಗ, ತೋಳು ಸೋತರೂ ಇನ್ನೊಂದು ಗಳಿಗೆ ಇಳಿಸಬೇಡಿ. ಆ ಗಳಿಗೆ ನಿಂಬೆವ್ವನದೆಂದು ತಿಳಿಯಿರಿ.