ನಿನ್ನ ಟಿ.ವಿ.ಗೆ ಒಗ್ಗುವ ಅಮ್ಮ

ಗುರುವಾರ, ಹತ್ತೊಂಬತ್ತನೇ ತಾರೀಕು
ಅಂಗಡಿಯಿಂದ, ಊಟದ ಬಿಡುವಿನಲ್ಲಿ

ಅಕ್ಕನಿಗೆ,

‘ಪ್ರೀತಿಯ’ ಎಂದು ಬರೆದೆ, ಹೊಡೆದುಹಾಕಿದೆ, ಅದು ಇನ್ನೂ ಕೆಟ್ಟದಾಗಿ ಕಂಡಿತೆಂದು ಆ ಹಾಳೆಯನ್ನೇ ಎಸೆದು ಇದನ್ನು ತೆಗೆದುಕೊಂಡೆ. ‘ನಾವೆಲ್ಲ ಕ್ಷೇಮ’ ಎಂಬ ಸಾಲನ್ನೂ ಬಿಟ್ಟಿದ್ದೇನೆ. ನಾವೆಲ್ಲ ಎನ್ನಲು ಮನೆಯಲ್ಲಿ ಈಗ ಉಳಿದಿರುವವಳು ನಾನೊಬ್ಬಳೇ.

ನೀನು ಕಳಿಸಿದ ಪೊಟ್ಟಣ ಸೋಮವಾರ ತಲುಪಿತು. ಬೂಟಿನ ಡಬ್ಬಿಯಲ್ಲಿ ಹತ್ತು ಡಿಸ್ಕು. ಒಂದೊಂದರ ಮೇಲೂ ಅಮ್ಮನ ಓರೆ ಅಕ್ಷರ: ‘ದೊಡ್ಡವಳಿಗೆ, ಒಂದು’, ‘ದೊಡ್ಡವಳಿಗೆ, ಎರಡು’, ಹೀಗೆ ಹತ್ತರವರೆಗೆ. ಜೊತೆಗೆ ನಿನ್ನ ಪತ್ರ. ಮಕ್ಕಳು ಅಜ್ಜಿಯನ್ನು ನೋಡಬೇಕೆಂದು ಹಟ ಹಿಡಿದಿದ್ದಾರೆ, ಯಾವ ಡಿಸ್ಕ್ ಹಾಕಿದರೂ ನೀಲಿ ಪರದೆಯ ಮೇಲೆ ಇದು ಓಡುವುದಿಲ್ಲ ಎಂಬ ಒಂದು ಸಾಲು ಬರುತ್ತದೆ, ಚಿತ್ರವೂ ಇಲ್ಲ, ದನಿಯೂ ಇಲ್ಲ, ನಿನ್ನ ಕೆಲಸವೇ ಇದಲ್ಲವೇ, ನಮ್ಮ ಟಿ.ವಿ.ಗೆ ಒಗ್ಗುವಂತೆ ಮಾಡಿಕೊಡು ಎಂದು ಬರೆದಿದ್ದೀಯ.

ಎಷ್ಟು ಸಲೀಸಾಗಿ ಬರೆದುಬಿಟ್ಟೆಯಲ್ಲ! ನಾನು ಆ ಸಾಲನ್ನು ನಾಲ್ಕು ಸಲ ಓದಿದೆ. ಹಾಗಾದರೆ ಈ ಮೂರು ವರ್ಷ ನೀನು ನೋಡಿದ್ದಾದರೂ ಏನನ್ನು?

ನೀನು ಬರೆದ ಕಾರ್ಡುಗಳೆಲ್ಲ ನನ್ನ ಹತ್ತಿರವಿವೆ. ಒಂದೊಂದು ಡಿಸ್ಕಿಗೂ ಒಂದೊಂದು. ‘ಡಿಸ್ಕ್ ನೋಡಿದೆ, ಅಮ್ಮ ಎದುರಿಗೇ ಕೂತ ಹಾಗಿತ್ತು.’ ‘ನೋಡಿದೆ, ಅಮ್ಮನ ಮಾತಿಗೆ ನಕ್ಕು ನಕ್ಕು ಸಾಕಾಯಿತು.’ ಅಮ್ಮನ ಕಿವಿ ಮಂದವಾಗಿ ಫೋನು ಅವಳ ಪಾಲಿಗೆ ಬರೀ ಗೊರಗೊರ ಆದ ಮೇಲೆ ತಾನೇ ನಾವು ಈ ದಾರಿ ಹಿಡಿದದ್ದು? ನಮ್ಮ ವಿಡಿಯೊ ಅಂಗಡಿಯ ಹಳೇ ಕ್ಯಾಮೆರಾ ತಂದು, ಕಿಟಕಿಯ ಪಕ್ಕ ಕುರ್ಚಿ ಹಾಕಿ ಅವಳನ್ನು ಕೂರಿಸುತ್ತಿದ್ದೆ. ಅವಳು ತಲೆ ಬಾಚಿ, ಕನ್ನಡಕ ಒರೆಸಿ, ನಿನಗಾಗಿ ಸಿದ್ಧಳಾಗುತ್ತಿದ್ದಳು. ನಿನ್ನ ಕಾರ್ಡು ಬಂದರೆ ನಾನು ಅವಳ ಕಿವಿಯ ಹತ್ತಿರ ಬಾಯಿಟ್ಟು, ಬೀದಿಗೆಲ್ಲ ಕೇಳುವಂತೆ ಕೂಗಿ ಓದಬೇಕಿತ್ತು. ಎದುರುಮನೆಯ ದರ್ಜಿಯವರಿಗೂ ನಿನ್ನ ಸುಳ್ಳುಗಳು ಬಾಯಿಪಾಠವಾಗಿವೆ.

ಡಿಸ್ಕ್ ಯಾಕೆ ಓಡಲಿಲ್ಲ ಎಂದು ಕೇಳಿದ್ದೀಯಲ್ಲ, ಹೇಳುತ್ತೇನೆ. ನಮ್ಮ ಕಡೆಯ ಟಿ.ವಿ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ ತೋರಿಸುತ್ತದೆ. ನೀನಿರುವ ದೇಶದ್ದು ಮೂವತ್ತು ಕೇಳುತ್ತದೆ. ಚಿತ್ರದ ಅಡ್ಡಗೆರೆಗಳ ಲೆಕ್ಕವೂ ಬೇರೆ. ಇಲ್ಲಿನ ಡಿಸ್ಕನ್ನು ಅಲ್ಲಿ ಹಾಕಿದರೆ ನಿಮ್ಮ ಪ್ಲೇಯರು ಒಲ್ಲೆ ಎನ್ನುತ್ತದೆ. ಒಗ್ಗಿಸಬೇಕಾದರೆ ಸೆಕೆಂಡಿಗೆ ಐದು ಚಿತ್ರ ಹೊಸದಾಗಿ ಹುಟ್ಟಬೇಕು. ಕ್ಯಾಮೆರಾ ಅವನ್ನು ತೆಗೆದೇ ಇಲ್ಲ, ಆದರೂ ನಮ್ಮ ಯಂತ್ರ ಹಿಂದಿನದು ಮುಂದಿನದು ನೋಡಿ ಅಂದಾಜಿನಲ್ಲಿ ಕಟ್ಟುತ್ತದೆ. ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಹತ್ತು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ನೀನೂ ಇದನ್ನೇ ಮಾಡಿದೆ ನೋಡು, ಅದೂ ಯಂತ್ರವಿಲ್ಲದೆ.

ಊರವರ ಡಿಸ್ಕನ್ನೆಲ್ಲ ಒಗ್ಗಿಸುವವಳು ಮನೆಯದನ್ನು ಯಾಕೆ ಒಗ್ಗಿಸಲಿಲ್ಲ ಎಂದರೆ, ದೀಪದ ಬುಡದಲ್ಲೇ ಕತ್ತಲೆ. ನಮ್ಮಲ್ಲಿ ಪ್ರತಿ ಕೆಲಸಕ್ಕೂ ಒಂದು ಚೀಟಿ ಇರುತ್ತದೆ. ಗಿರಾಕಿ ಯಾವ ದೇಶಕ್ಕೆ ಕಳಿಸುತ್ತಾರೋ ಅದನ್ನು ಕೌಂಟರಿನಲ್ಲೇ ಬರೆದು ಅಂಟಿಸುತ್ತಾರೆ, ನಾನು ಚೀಟಿ ನೋಡಿ ಯಂತ್ರ ತಿರುಗಿಸುತ್ತೇನೆ. ಚೀಟಿ ಇಲ್ಲದ್ದು ಇಲ್ಲಿನ ಕೆಲಸ ಎಂದೇ ಲೆಕ್ಕ. ಅಮ್ಮನ ಡಿಸ್ಕಿಗೆ ಯಾರು ಚೀಟಿ ಅಂಟಿಸಬೇಕಿತ್ತು? ಕೈ ತನ್ನ ರೂಢಿಯಂತೆ ನಡೆಯಿತು. ಅಮ್ಮ ನಮ್ಮ ಮನೆಯ ಟಿ.ವಿ.ಯಲ್ಲಿ ಒಂದು ಸಲ ನೋಡಿ, “ನನ್ನ ಮೂಗು ಇಷ್ಟು ದಪ್ಪಾನಾ?” ಎಂದು ಬೇಸರಪಟ್ಟು, ಲಕೋಟೆಗೆ ಹಾಕುತ್ತಿದ್ದಳು. ಇದು ನನ್ನ ತಪ್ಪು. ನಿನ್ನ ಪತ್ರ ಬಂದ ಮೇಲೆಯೇ ನನಗೆ ಗೊತ್ತಾಯಿತು. ಒಪ್ಪಿಕೊಳ್ಳುತ್ತೇನೆ.

ಆದರೆ ‘ಮೆಣಸಿನಕಾಯೀ, ನಿನ್ನ ಡಿಸ್ಕು ಇಲ್ಲಿ ಓಡ್ತಿಲ್ಲ ಕಣೇ’ ಎಂದು ಒಂದು ಸಾಲು ಬರೆಯಲು ನಿನಗೇನು ಧಾಡಿಯಾಗಿತ್ತು? ನಿಮ್ಮ ಬೀದಿಯಲ್ಲಿ ನನ್ನಂಥ ಅಂಗಡಿ ಒಂದಾದರೂ ಇರಲಿಲ್ಲವೇ? ಅಷ್ಟೇಕೆ, ಭಾವನ ಕಂಪ್ಯೂಟರಿಗೆ ಹಾಕಿದ್ದರೆ ಸುಮ್ಮನೆ ಓಡಿಬಿಡುತ್ತಿತ್ತು. ಮೊದಲನೆಯದನ್ನು ಒಂದು ಸಲ ಹಾಕಿ ನೋಡಿ, ಓಡದಿದ್ದಾಗ ಆಮೇಲೆ ನೋಡೋಣ ಎಂದು ಎತ್ತಿಟ್ಟಿರುತ್ತೀಯ. ಉಳಿದವುಗಳ ಲಕೋಟೆಯನ್ನೂ ನೀನು ಒಡೆದದ್ದು ಅಮ್ಮ ಹೋದ ಮೇಲೆಯೇ. ಅಂಟು ಒಣಗಿ ಪುಡಿಯಾಗಿ ಡಬ್ಬಿಯ ತಳದಲ್ಲಿ ಬಿದ್ದಿದೆ, ನನ್ನ ಕಣ್ಣಿಗೆ ಮಣ್ಣೆರಚಬೇಡ.

ಈಗ ಒಂಬತ್ತನೆಯದರ ವಿಷಯ. ಮಕ್ಕಳ ನೆಪ ಬೇಡ ಅಕ್ಕ, ನಿನಗೆ ಬೇಕಾಗಿರುವುದು ಅದೊಂದೇ.

ಅದರಲ್ಲಿ ಅಮ್ಮ ಮನೆಯಲ್ಲಿಲ್ಲ. ಆಸ್ಪತ್ರೆಯಲ್ಲಿ ಪರೀಕ್ಷೆಗೆಂದು ಸೇರಿಸಿಕೊಂಡಿದ್ದರು. ಮಾಸಿದ ಹಸಿರು ನಿಲುವಂಗಿ, ಹಿಂದೆ ಕಬ್ಬಿಣದ ಮಂಚ. ನಾನು ಫೋನಿನಲ್ಲಿ ನಿನಗೆ ತಿಳಿಸುತ್ತೇನೆಂದರೆ ಬಿಲ್‌ಕುಲ್ ಒಪ್ಪಲಿಲ್ಲ. “ನೀನು ಬಾಯಿ ಬಿಡಬೇಡ. ನೀನು ಹೇಳಿದ್ರೆ ಜಗಳ ಆಡಿದ ಹಾಗಿರುತ್ತೆ. ನಾನೇ ಅವಳ ಮುಖ ನೋಡ್ಕೊಂಡು ಹೇಳ್ತೀನಿ,” ಎಂದಳು. ನಿನ್ನ ಮುಖ ಎಂದರೆ ಕ್ಯಾಮೆರಾದ ಗಾಜು. ಅದನ್ನು ನೋಡಿಕೊಂಡು ಹೀಗೆ ಹೇಳಿದ್ದಾಳೆ: “ದೊಡ್ಡವಳೇ, ಗಂಟಲಲ್ಲಿ ಗಡ್ಡೆ ಆಗಿದೆಯಂತೆ. ಮುಂದಿನ ತಿಂಗಳು ಇಪ್ಪತ್ತೆಂಟಕ್ಕೆ ಆಪರೇಷನ್ನು. ಆಮೇಲೆ ನಂಗೆ ದನಿ ಇರಲ್ವಂತೆ. ಅಷ್ಟರೊಳಗೆ ಒಂದ್ಸಲ ಬಂದ್ಬಿಡು. ನಿನ್ನ ಹತ್ರ ಒಂದಷ್ಟು ಮಾತಾಡೋದಿದೆ. ಇವಳೆದುರಿಗೆ ಆಗಲ್ಲ, ಕಿವಿ ನೆಟ್ಟಗೆ ಮಾಡ್ಕೊಂಡಿರ್ತಾಳೆ.” ಹೇಳಿ ನಕ್ಕಿದ್ದಾಳೆ. ಚಿತ್ರ ಅಲ್ಲಿಗೇ ನಿಲ್ಲುತ್ತದೆ. ನಿಲ್ಲಿಸಿದವಳು ನಾನು.

ನಿನ್ನ ಕಾರ್ಡು ಇಪ್ಪತ್ತೇಳಕ್ಕೆ ಬಂತು. ವಾರ್ಡಿಗೇ ಒಯ್ದೆ. ‘ಡಿಸ್ಕ್ ನೋಡಿದೆ. ಅಮ್ಮ ಲವಲವಿಕೆಯಿಂದಿದ್ದಾಳೆ. ಹಾಕಿಕೊಂಡಿರುವ ಬಣ್ಣ ಅವಳಿಗೆ ತುಂಬ ಒಪ್ಪುತ್ತದೆ.’ ಅಮ್ಮ ತನ್ನ ನಿಲುವಂಗಿಯನ್ನು ಬಗ್ಗಿ ನೋಡಿಕೊಂಡು, “ಈ ಬಣ್ಣಾನಾ?” ಎಂದಳು. “ಬರ್ತೀನಿ ಅಂತ ಇದೆಯಾ?” ಎಂದಳು. ಇಲ್ಲ ಎಂದೆ. “ಇನ್ನೊಂದ್ಸಲ ಓದು, ಕೊನೇಲಿ ಇರಬಹುದು,” ಎಂದಳು. ಕೊನೆಯಲ್ಲಿ ನಿನ್ನ ಸಹಿ ಇತ್ತು.

ಮರುದಿನ ಅವಳ ದನಿ ಹೋಯಿತು.

ಹತ್ತನೆಯ ಡಿಸ್ಕು ಆರು ನಿಮಿಷದ್ದು. ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು, ತೊಡೆಯ ಮೇಲೆ ನೋಟುಬುಕ್ಕು ಇಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ. ಒಂದು ಸಲ ನೋಟುಬುಕ್ಕನ್ನು ಎತ್ತಿ ಹಿಡಿದಿದ್ದಾಳೆ, ‘ಚೆನ್ನಾಗಿದ್ದೀನಿ’ ಎಂದು ಬರೆದಿದೆ. ಕೆಳಗೆ ಹೋಗುವ ಗಾಡಿಯ ಸದ್ದು ಬಿಟ್ಟರೆ ಇಡೀ ಡಿಸ್ಕಿನಲ್ಲಿ ಏನೂ ಕೇಳಿಸುವುದಿಲ್ಲ. ಅದಕ್ಕೆ ನೀನು ಬರೆದ ಕಾರ್ಡು ನನ್ನ ಮುಂದೆಯೇ ಇದೆ: ‘ಅಮ್ಮನ ಮಾತು ಕೇಳಿ ಕಿವಿ ತಂಪಾಯಿತು. ದನಿ ಮೊದಲಿಗಿಂತ ಗಟ್ಟಿಯಾಗಿದೆ.’

ಅದನ್ನೂ ಕೂಗಿ ಓದಿದೆ. ಅಮ್ಮ ನೋಟುಬುಕ್ಕಿನಲ್ಲಿ, ‘ಅವಳು ನೋಡ್ತಿಲ್ಲ. ಕ್ಯಾಮೆರಾ ಎತ್ತಿಡು,’ ಎಂದು ಬರೆದಳು. ಮತ್ತೆ ಐದು ತಿಂಗಳು ಬದುಕಿದ್ದಳು. ನಿನ್ನ ವಿಷಯವನ್ನು ಆ ನೋಟುಬುಕ್ಕಿನಲ್ಲಿ ಮತ್ತೊಮ್ಮೆ ಬರೆಯಲಿಲ್ಲ. ಹಾಲಿನವನ ಲೆಕ್ಕ, ಮಾತ್ರೆಯ ಹೊತ್ತು, ಫ್ಯಾನು ಹಾಕು, ಫ್ಯಾನು ಆರಿಸು, ಇಷ್ಟೇ ಇದೆ. ಬೇಕಾದರೆ ಅದನ್ನೂ ಕಳಿಸುತ್ತೇನೆ, ಅದನ್ನು ಒಗ್ಗಿಸುವ ಅಗತ್ಯವಿಲ್ಲ.

ಅವಳು ಹೋದ ನಾಲ್ಕನೇ ದಿನಕ್ಕೆ ನೀನು ಬಂದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಆಪರೇಷನ್ ವಿಷಯ ನಂಗ್ಯಾಕೆ ಹೇಳ್ಲಿಲ್ಲ?” ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡೆ. “ಒಂಬತ್ತನೇ ಡಿಸ್ಕಲ್ಲಿ ಅಮ್ಮನೇ ಹೇಳಿದ್ದಾಳಲ್ಲ, ನೋಡಿದೆ ಅಂತ ಬರೆದಿದ್ಯಲ್ಲ,” ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಿನ್ನ ಕೈ ಬಾಯಿಗೆ ಹೋಯಿತು. ಒಳಗೆ ಹೋಗಿ ಪೆಟ್ಟಿಗೆ ತುಂಬಿಕೊಂಡೆ. ಇನ್ನೂ ಒಂದು ವಾರ ಇರಬೇಕಾದವಳು ಮರುದಿನವೇ ಹೊರಟೆ. ತಾಯಿ ಕರೆದಳು, ಮಗಳು ಹೋಗಲಿಲ್ಲ ಎಂಬ ಹೊರೆ ಹೊತ್ತುಕೊಂಡು ಹೋದೆ ಎಂದು ನನಗೆ ಗೊತ್ತಿತ್ತು. ಹೊರಲಿ ಎಂದು ನಾನು ಸುಮ್ಮನಿದ್ದೆ.

ಈ ಮೂರು ದಿನ ಕೂತು ಹತ್ತನ್ನೂ ನೋಡಿದೆ. ಒಂದರಲ್ಲೂ ನಾನಿಲ್ಲ. ನಾಲ್ಕನೆಯದರಲ್ಲಿ ನನ್ನ ಮೊಣಕೈ ಒಂದು ಸಲ ಬರುತ್ತದೆ, ಏಳನೆಯದರಲ್ಲಿ ಅಮ್ಮ ನನ್ನ ಕಡೆ ತಿರುಗಿ “ನೆಟ್ಟಗೆ ಹಿಡಿಯೇ” ಎಂದು ಗದರುತ್ತಾಳೆ. ಮೂರು ವರ್ಷ ಅವಳ ಕಿವಿಗೆ ಔಷಧಿ ಬಿಟ್ಟವಳು, ಬೆನ್ನು ಉಜ್ಜಿದವಳು ನಾನು. ನನ್ನನ್ನು ಅವಳು ಒಂದು ದಿನವೂ ಹಾಗೆ ನೋಡಲಿಲ್ಲ, ಕ್ಯಾಮೆರಾದ ಗಾಜನ್ನು ನೋಡುತ್ತಿದ್ದ ಹಾಗೆ. ಹೊಟ್ಟೆಕಿಚ್ಚು ಎನ್ನುತ್ತೀಯ, ಅನ್ನು. ಇದ್ದದ್ದನ್ನು ಇಲ್ಲ ಎನ್ನಲಾರೆ.

ಡಿಸ್ಕುಗಳನ್ನು ಒಗ್ಗಿಸಿ ಇದರ ಜೊತೆ ಕಳಿಸುತ್ತಿದ್ದೇನೆ. ನಮ್ಮ ಮಾಲೀಕರದ್ದೊಂದು ಕಟ್ಟುನಿಟ್ಟು. ಅಂಗಡಿಯಲ್ಲಿ ಎರಡು ಟಿ.ವಿ. ಅಕ್ಕಪಕ್ಕ ಇವೆ, ಒಂದರ ನೆತ್ತಿಯ ಮೇಲೆ ‘ಇಲ್ಲಿ’ ಎಂದು, ಇನ್ನೊಂದರ ಮೇಲೆ ‘ಅಲ್ಲಿ’ ಎಂದು ಬರೆದು ಅಂಟಿಸಿದ್ದಾರೆ. ಹೊರದೇಶಕ್ಕೆ ಹೋಗುವ ಯಾವ ಡಿಸ್ಕನ್ನೂ ‘ಅಲ್ಲಿ’ಯಲ್ಲಿ ಮೊದಲ ನಿಮಿಷ, ನಡುವಿನ ನಿಮಿಷ, ಕೊನೆಯ ನಿಮಿಷ ನೋಡದೆ ಕಟ್ಟುವ ಹಾಗಿಲ್ಲ. ಎಲ್ಲವನ್ನೂ ನೋಡಿಯೇ ಕಟ್ಟಿದ್ದೇನೆ. ಈ ಸಲ ಓಡುತ್ತವೆ. ಮಕ್ಕಳಿಗೆ ಮೊದಲ ಎಂಟು ತೋರಿಸು. ಉಳಿದೆರಡನ್ನು ನೀನೊಬ್ಬಳೇ ನೋಡು, ಮತ್ತು ದಯವಿಟ್ಟು ಕಾರ್ಡು ಬರೆಯಬೇಡ.

ಇಂತು,
ನಿನ್ನ ಒಡಹುಟ್ಟಿದವಳೇ ಆದ,
ಮೆಣಸಿನಕಾಯಿ

ತಾ.ಕ.: ಪೊಟ್ಟಣ ಕಟ್ಟಿ ಆಗಿತ್ತು, ಮತ್ತೆ ಬಿಚ್ಚಿದೆ. ಹತ್ತು ಹೊಸ ಡಿಸ್ಕುಗಳ ಪೈಕಿ ಒಂಬತ್ತು ಡಿಸ್ಕುಗಳ ಮೇಲೆ ನನ್ನ ಅಕ್ಷರವಿದೆ, ಒಂದರ ಮೇಲೆ ಮಾತ್ರ ಅಮ್ಮನದು, ‘ದೊಡ್ಡವಳಿಗೆ, ಒಂಬತ್ತು’ ಎಂದು. ನಿನ್ನ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಸತ್ತವಳು ಬಂದು ಬರೆದಳೇ ಎಂದು ನೀನು ಕೇಳುವ ಮೊದಲು ನಾನೇ ಹೇಳುವುದು ವಾಸಿ. ಮೂರನೆಯದನ್ನು ಅಂಚೆಗೆ ಹಾಕಿದ ವಾರ, ಗಿರಾಕಿಯೊಬ್ಬರು ಚೀಟಿ ಬಿದ್ದುಹೋಗಿದ್ದ ಡಿಸ್ಕೊಂದನ್ನು ವಾಪಸು ತಂದರು, ಅಲ್ಲಿ ಓಡಲಿಲ್ಲವಂತೆ. ಅಮ್ಮನ ಡಿಸ್ಕಿಗೂ ಚೀಟಿ ಇರಲಿಲ್ಲವೆಂದು ನನಗೆ ಆಗಲೇ ಹೊಳೆಯಿತು. ಮನೆಗೆ ಬಂದರೆ ಎರಡನೆಯದಕ್ಕೆ ನಿನ್ನ ಕಾರ್ಡು, ‘ನೋಡಿದೆ’ ಎಂದು. ನೀನು ನಿಜ ಹೇಳುವವರೆಗೂ ಕಾಯೋಣ ಎಂದುಕೊಂಡೆ. ನೀನು ಹೇಳಲಿಲ್ಲ, ನಾನು ಕಾದೆ. ಒಂಬತ್ತನೆಯದಕ್ಕೆ ಮಾತ್ರ ಮನಸ್ಸು ತಡೆಯಲಿಲ್ಲ. ನಿನ್ನ ಟಿ.ವಿ.ಗೆ ಒಗ್ಗಿಸಿ ಇನ್ನೊಂದು ಪ್ರತಿ ತೆಗೆದೆ. “ಒಂದು ಹಾಳಾದ್ರೆ ಇನ್ನೊಂದಿರ್ಲಿ,” ಎಂದು ಸುಳ್ಳು ಹೇಳಿ ಎರಡರ ಮೇಲೂ ಅಮ್ಮನಿಂದ ಬರೆಸಿದೆ. ಅಂಚೆ ಕಚೇರಿಯಲ್ಲಿ ಎರಡೂ ನನ್ನ ಚೀಲದಲ್ಲಿದ್ದವು. ನನಗೆ ಕೇಳಿಸಬಾರದ ಆ ‘ಒಂದಷ್ಟು ಮಾತು’ ನೆನಪಾಯಿತು. ನಿನಗೆ ಕಳಿಸಿದ್ದು ಓಡದ್ದನ್ನು. ಓಡುವುದು ಇಲ್ಲಿಯವರೆಗೆ ನನ್ನ ಮೇಜಿನ ಖಾನೆಯಲ್ಲಿತ್ತು. ಅದು ಓಡುತ್ತದೆ ಎಂಬುದರಲ್ಲಿ ಅನುಮಾನ ಬೇಡ. ಅವತ್ತೇ ‘ಅಲ್ಲಿ’ಯಲ್ಲಿ ಹಾಕಿ ನೋಡಿದ್ದೆ, ಮೊದಲ ನಿಮಿಷ, ನಡುವಿನ ನಿಮಿಷ, ಕೊನೆಯ ನಿಮಿಷ.